ಮೆರ್ದಾನ್ ಮನೇಲಿ ಬೈ-ಟು

ಮಗಾ, ಈಗ ನಡೆದಿದ್ದು ಹೇಳಿದ್ರೆ ನೀನು ನಂಬಲ್ಲ! ಇಲ್ಲಿ ಸೆಲ್ಲಿ ಓಕ್ ಅನ್ನೋ ಏರಿಯಾದಲ್ಲಿ ರೂಮ್ ನೋಡೋಕೆ ಹೋಗಿದ್ದೆ. ಶನಿವಾರ ಹಳೇ ರೂಮ್ ಖಾಲಿ ಮಾಡ್ಬೇಕು, ಇದೂ ಸಿಗ್ಲಿಲ್ಲ ಅಂದ್ರೆ ಬೀದಿನೇ ಗತಿ. ಅಲ್ಲಿರೋ ಹುಡುಗ ಮೆರ್ದಾನ್, ತುರ್ಕಮೆನಿಸ್ತಾನದವನು. ಯಾರು ಬರ್ಬೇಕು ಅಂತ ಅವನೇ ಡಿಸೈಡ್ ಮಾಡೋದು. ಗೋಡೆ ತುಂಬ ಅವನಜ್ಜಿ ನೇಯ್ದ ಕೆಂಪು ಕಾರ್ಪೆಟ್! ಅವನ ಫೋನಲ್ಲಿ ಅವನ ದೇಶದ ಫೋಟೋಗಳು: ಬಂಗಾರದ ಹಾಗೆ ಹೊಳೆಯೋ ಕುದುರೆಗಳು, ಮರಳುಗಾಡಿನ ಮಧ್ಯೆ ವರ್ಷಗಟ್ಟಲೆ ಆರದೇ ಉರೀತಿರೋ ಬೆಂಕಿ ಗುಂಡಿ! ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ.

ಆಮೇಲೆ ನಂಗೊಂದು, ಅವನಿಗೊಂದು ಅಂತ ಎರಡು ಟೀ ಪಾಟ್ ತಂದಿಟ್ಟ. ಇಷ್ಟೊಂದು ಯಾರು ಕುಡೀತಾರೆ ಅಂತ, "ಬೈ-ಟು ಮಾಡೋಣ" ಅಂದು ನನ್ನ ಪಾಟಿಂದಲೇ ಅವನ ಕಪ್‌ಗೂ ಬಗ್ಗಿಸ್ದೆ. ಅವನ ಮುಖ ಸಪ್ಪಗಾಯ್ತು.

"ನಮ್ಮಲ್ಲಿ ಅತಿಥಿಗೆ ಅಂತಲೇ ಒಂದು ಪೂರ್ತಿ ಪಾಟ್ ಇಡ್ತೀವಿ. ಅದನ್ನ ವಾಪಸ್ ಕೊಡ್ತೀಯಾ?"

ರೂಮ್ ಹೋಯ್ತು ಅಂದ್ಕೊಂಡೆ. "ಅಯ್ಯೋ ಇಲ್ಲಪ್ಪ, ಬೆಂಗಳೂರಲ್ಲಿ ಫ್ರೆಂಡ್ಸ್ ಒಂದೇ ಕಾಫಿ ಹಂಚ್ಕೊಂಡು ಕುಡೀತೀವಿ, ಅದು ಪ್ರೀತಿ!"

ಬಿದ್ದು ಬಿದ್ದು ನಕ್ಕ. "ಸರಿ, ಶನಿವಾರ ರೂಮಿಗೆ ಬಾ. ಆಮೇಲೆ ದಿನಾ ಬೈ-ಟು. ಇವತ್ತು ನೀನಿನ್ನೂ ಅತಿಥಿ, ಕುಡಿ!"

ಖಾಲಿ ಆದಂಗೆಲ್ಲ ತುಂಬಿಸ್ದ. ಮೂರು ಪಾಟ್ ಮಗಾ! ನೀನಾಗಿದ್ರೆ ಬೇಡ ಅಂತಿದ್ಯಾ?