ಸದ್ದೇ ಇಲ್ಲದ ಲಾರಿಯ ಮುನಿಯಣ್ಣ

ಕೋಗಿಲು ಊರಿನ ಮುನಿಯಣ್ಣನ ಸಣ್ಣ ಲಾರಿಯಲ್ಲಿ ಯಾವ ಸದ್ದೂ ಬರುವುದಿಲ್ಲ; ಹಾಗೆಂದು ಮುನಿಯಣ್ಣನೇ ಹೇಳುತ್ತಾನೆ. ಡಬ್ಬದಲ್ಲಿ ಮೊಳೆ ಕುಲುಕಿದಂತೆ ಎಂಜಿನ್ನು ಕಟಕಟ ಎಂದರೆ ರಸ್ತೆಯನ್ನು ಬಯ್ಯುತ್ತಾನೆ, ಡೀಸೆಲನ್ನು ಬಯ್ಯುತ್ತಾನೆ, ಕೊನೆಗೆ ಕೇಳಿದವರ ಕಿವಿಯನ್ನೇ ಬಯ್ಯುತ್ತಾನೆ. "ಒಳಗೇನೋ ಸಡಿಲ ಆಗೈತೆ, ತೋರ್ಸ್‌ಬಾರ್ದಾ?" ಎಂದ ಹೆಂಡತಿ ಮಾರಕ್ಕನಿಗೆ, "ಎಂಜಿನ್ ವಿಚಾರ ನಿಂಗೇನ್ ಗೊತ್ತು, ಸುಮ್ನಿರು" ಎಂದು ನೆಂಟರೆದುರೇ ಗದರಿದವನು. ನೀರು ಸೋರಿ ಲಾರಿ ನಿಂತರೆ ಮಾತ್ರ ಅವನು ಗ್ಯಾರೇಜಿನ ದಾರಿ ಹಿಡಿಯುವುದು. ಮೊನ್ನೆ ವಾಟರ್ ಪಂಪ್ ಬದಲಿಸಲೆಂದು ಎಂಜಿನ್ನಿನ ಮುಂಭಾಗ ಬಿಚ್ಚಿದ ಮೆಕ್ಯಾನಿಕ್ ಶರಣು, ಸಡಿಲವಾಗಿ ಜೋತುಬಿದ್ದು ಕಟಕಟ ಬಡಿಯುತ್ತಿದ್ದ ಟೈಮಿಂಗ್ ಚೈನನ್ನು ಬೆರಳಲ್ಲಿ ಎತ್ತಿ ತೋರಿಸಿ, "ಇಷ್ಟು ದಿನಾ ಸಪ್ಪಳ ಕೇಳಿಸ್ಲಿಲ್ಲೇನ್ರೀ ಅಣ್ಣಾ?" ಎಂದ. ಮುನಿಯಣ್ಣ ಸುತ್ತ ನೋಡಿ, "ಅದ್ನೂ ಒಸದು ಆಕ್ಬುಡು, ಯಾರ್ಗೂ ಯೋಳ್ಬೇಡ" ಎಂದ. ಸಂಜೆ ಲಾರಿ ಬೆಕ್ಕಿನಂತೆ ಮನೆ ಮುಂದೆ ಬಂದು ನಿಂತಿತು. ತಾನು ಬಾಗಿಲಿಗೆ ಬರುವಷ್ಟರಲ್ಲಿ ಬಿಸಿ ಮುದ್ದೆ ತಟ್ಟೆಯಲ್ಲಿರುತ್ತದೆ ಎಂದು ಊರಿಗೆಲ್ಲ ಹೇಳಿಕೊಳ್ಳುವವನ ಮನೆಯಲ್ಲಿ ಅಂದು ಒಲೆಯೇ ಹತ್ತಿರಲಿಲ್ಲ. "ಅಯ್ಯೋ, ದಿನಾ ಆ ಕಟಕಟ ಕೆರೆ ಏರಿ ಮೇಲೆ ಕೇಳ್ತಿದ್ದಂಗೇ ಎಸರಿಡ್ತಿದ್ದೆ, ಇವತ್ತು ಕೇಳ್ಲೇ ಇಲ್ವಲ್ಲ!" ಎಂದು ಮಾರಕ್ಕ ಗಾಬರಿಯಾದಳು. ಮುನಿಯಣ್ಣ ತಲೆ ತಗ್ಗಿಸಿ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆಯತೊಡಗಿದ.