ಗುಡ್ಡದ ದಾರಿಯಲ್ಲಿ ನಾನು ಹಾಕಿದ ಕೂಗು

ನಮ್ಮ ಕಡೆ ಮಕ್ಕಳು-ಮರಿ, ಮೊಣಕಾಲು ನೋವಿನವರನ್ನೆಲ್ಲ ಕಟ್ಟಿಕೊಂಡು ಅಡ್ಡಾಡಲು ಜಾಗ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಓಣಿಯವರು ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನೂ ಶಾಣ್ಯಾನಂತೆ ಹೇಳುತ್ತೇನೆ. ಯಾದಗಿರಿ ಕೋಟೆ ಹತ್ತುವುದಿದ್ದರೆ ಮುಂಜಾನೆಯೇ ಹೋಗ್ರಿ; ಬಿಸಿಲೇರಿತೆಂದರೆ ಆ ಬಂಡೆ ಹಂಚಾಗುತ್ತದೆ, ನೀವು ರೊಟ್ಟಿಯಾಗುತ್ತೀರಿ. ಸುರಪುರದ ಗುಡ್ಡದ ಮೇಲೆ ಗಾಳಿ ಭಾಳ ಚಂದ, ಆದರೆ ಹೊಸ ಚಪ್ಪಲಿ ಹಾಕಿಕೊಂಡು ಇಳಿಯಬೇಡಿ. ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುವಾಗ ನಮ್ಮಕ್ಕನಂಥವರನ್ನು ಮನೆಯಲ್ಲೇ ಬಿಡ್ರಿ. ಆಕೆ ಈ ದಂಡೆಯಲ್ಲಿ ಬಾಯಿ ತೆರೆದರೆ ಆ ದಂಡೆಯ ಹಕ್ಕಿ ಏಳುತ್ತವೆ. ಎಲ್ಲರಿಗೂ ಒಗ್ಗುವುದು ಶಹಾಪುರದ ಗುಡ್ಡದ ಬುಡದ ದಾರಿ. ಗುಡ್ಡದ ಕೆಳಗಿನ ಪಾರ್ಕಿನ ಹಿಂದಿನಿಂದ ಹೊರಟು, ಅರಣ್ಯ ಇಲಾಖೆಯವರು ಹಚ್ಚಿದ ಬೇವು, ಹೊಂಗೆ ದಾಟಿ, ಸೀತಾಫಲದ ಗಿಡಗಳ ನಡುವೆ ಸುತ್ತು ಹಾಕಿ ಮತ್ತೆ ಪಾರ್ಕಿಗೇ ಬಂದು ಮುಟ್ಟುತ್ತದೆ. ಏರು ಕಡಿಮೆ, ನೆರಳು ಬೇಕಾದಷ್ಟು. ಕೂಸು ಅತ್ತರೆ ಹೊಳ್ಳಿ ಬರುವುದೂ ಸಲೀಸು.

ಹೀಗೆ ದಾರಿ ಹೇಳುತ್ತೇನೆ. ಜೊತೆಗೆ ಬಾ ಎಂದರೆ ಮಾತ್ರ ಏನಾದರೊಂದು ನೆವ ತೆಗೆಯುತ್ತೇನೆ.

ನಾನು ನಕಲಿ ಮಾಡುವವನು. ಮಂದಿಯ ನಡಿಗೆ, ಕೆಮ್ಮು, ಫೋನಿನಲ್ಲಿ ಮಾತಾಡುವ ಧಾಟಿ, ಯಾವುದನ್ನಾದರೂ ಒಮ್ಮೆ ಕಂಡರೆ, ಕೇಳಿದರೆ ಸಾಕು, ನನ್ನ ಮೈಯಲ್ಲಿ, ಗಂಟಲಲ್ಲಿ ಬಂದು ಕೂಡುತ್ತದೆ. ಮದುವೆ ಮನೆಗೆ ಹೋದರೆ ಹುಡುಗರು ಸುತ್ತ ಸೇರುತ್ತಾರೆ. ನನ್ನನ್ನೇ ನಾನು ಆಡಿಕೊಳ್ಳುವುದರಲ್ಲೂ ಹಿಂದೆ ಬಿದ್ದವನಲ್ಲ. ಸಂದರ್ಶನಕ್ಕೆ ಹೋಗಿ ಬೆವತದ್ದನ್ನು ಎಷ್ಟು ಸಲ ಮಾಡಿ ತೋರಿಸಿದ್ದೇನೋ. ನನ್ನ ನಕಲಿಗೆ ಎಲ್ಲರಿಗಿಂತ ಹೆಚ್ಚು ಸಿಕ್ಕುತ್ತಿದ್ದವಳು ಅವ್ವ. ಆಕೆ ಸುರಪುರ ಕಡೆಯ ಹಳ್ಳಿಯ ಕುರಿ ಸಾಕುವ ಮನೆಯವಳು. ಅಡವಿಯಲ್ಲಿ ಬೆಳೆದ ದನಿ, ಪೇಟೆಯ ಸಣ್ಣ ಮನೆಯಲ್ಲೂ ಗುಡ್ಡದಾಚೆಗೆ ಕೇಳಿಸಬೇಕೆನ್ನುವಂತೆ ಮಾತಾಡುತ್ತಾಳೆ. ಆ ದನಿಯನ್ನು ಆಡಿಕೊಂಡು ನಾನು ಎಷ್ಟೋ ನಗಿಸಿದ್ದೇನೆ. ಆಕೆಯೂ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು.

ಹೋದ ದೀಪಾವಳಿಗೆ ಅಕ್ಕ ಗಂಡ-ಮಕ್ಕಳೊಂದಿಗೆ ಬಂದಿದ್ದಳು. ಹಬ್ಬ ಮುಗಿದ ಮರುದಿನ ಎಲ್ಲರನ್ನೂ ಆ ಗುಡ್ಡದ ದಾರಿಗೆ ಹೊರಡಿಸಿದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳಿದ ಕರ್ಚಿಕಾಯಿ ಗಂಟು ಕಟ್ಟಿಕೊಂಡೆವು. ನಾನೇ ಮುಂದೆ. ಅಕ್ಕನ ಗಂಡ, ನಮ್ಮ ಮಾವ, ಸಾಲಿ ಮಾಸ್ತರು. ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಕೋಣೆಯಲ್ಲಿ ಕಾಪಿ ಹಿಡಿಯುವವರ ಹಾಗೆ ಒಂದೊಂದು ಗಿಡವನ್ನೂ ಗುರಾಯಿಸಿ ನೋಡುತ್ತ ನಡೆಯುತ್ತಿದ್ದರು. ನಾನೂ ಹಾಗೇ ನಡೆದೆ. ಅಕ್ಕನ ಸಣ್ಣ ಮಗಳು ನಕ್ಕು ನಕ್ಕು ದಾರಿಯಲ್ಲೇ ಕುಳಿತುಬಿಟ್ಟಳು.

"ಲೇ, ನನ್ನ ಪಗಾರಕ್ಕರ ಮರ್ಯಾದಿ ಕೊಡೋ," ಎಂದರು ಮಾವ.

"ನಿಮ್ಮ ಪಗಾರ ಅಕ್ಕನ ಕಡೆ ಇರ್ತದರೀ, ಮರ್ಯಾದಿನೂ ಅಕೀಗೇ ಕೊಡ್ತೀನಿ," ಎಂದೆ.

ಸೀತಾಫಲದ ಗಿಡಗಳ ಹತ್ತಿರ ಕುಳಿತೆವು. ಅವ್ವ ಹಣ್ಣು ಒಡೆದು ಮಕ್ಕಳಿಗೆ ಕೊಡುತ್ತಿದ್ದಳು. ದಾರಿಯ ಕೆಳಗೆ ಒಂದು ಹೊಲ. ಅದರಾಚೆ ಬೋಳು ದಿನ್ನೆ. ದಿನ್ನೆಯ ಮೇಲೆ ಒಂದು ಕುರಿ ಹಿಂಡು ಮೇಯುತ್ತಿತ್ತು. ಕುರಿ ಕಾಯುವ ಮುದುಕ ಅವನ್ನು ಕೂಗಿ ಕರೆದು ಒಂದು ಕಡೆ ಕೂಡಿಸಿದ. ಕೊಡ ಹಿಡಿದು ದಿನ್ನೆಯ ಹಿಂದೆ ನೀರಿಗೆ ಹೋದ. ನಾಲಿಗೆಯನ್ನು ಅದುರಿಸಿ, ಕೊನೆಗೆ ದನಿಯನ್ನು ಥಟ್ಟನೆ ಮೇಲಕ್ಕೆ ಎಳೆದು ಬಿಡುವ ಕೂಗು ಅವನದು.

ಸಣ್ಣಂದಿನ ರಜೆಯಲ್ಲೆಲ್ಲ ಅವ್ವನ ಅಪ್ಪನ ಹಿಂದೆ, ನಮ್ಮ ಮುತ್ಯಾನ ಹಿಂದೆ, ಕುರಿಗಳ ಜೊತೆ ಅಲೆದವನು ನಾನು. ಒಬ್ಬೊಬ್ಬರಿಗೂ ಅವರದೇ ಕೂಗು ಇರುತ್ತದೆ. ದಾರಿಯಲ್ಲಿ ಎರಡು ಹಿಂಡು ಕೂಡಿಕೊಂಡರೆ ಬೇರೆ ಮಾಡುವುದು ಆ ಕೂಗೇ. ಅದು ಕೇಳಿತೆಂದರೆ ಕುರಿ ಹಿಂದೆಮುಂದೆ ನೋಡುವುದಿಲ್ಲ. ಅಲ್ಲಿ ನಮ್ಮವರಿದ್ದಾರೆ, ಹೆದರಿಕೆಯಿಲ್ಲ ಎಂದು ನಂಬಿ ನಡೆಯುತ್ತದೆ. ಅದಕ್ಕೇ ಇನ್ನೊಬ್ಬರ ಕೂಗನ್ನು ಯಾರೂ ಹಾಕುವುದಿಲ್ಲ. ಜಗಳವಾಡಿದವರೂ ಹಾಕುವುದಿಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಗೊತ್ತಿತ್ತು.

ಆದರೆ ಆ ಸಣ್ಣ ಹುಡುಗಿ, "ಮಾಮಾ, ಆ ಕುರಿ ಕಾಯೋ ಮುತ್ಯಾನಂಗ ಮಾಡು," ಅಂದಳು.

ಮಾಡಿದೆ. ಬರೋಬ್ಬರಿ ಬಂತು. ದಿನ್ನೆಯ ಮೇಲೆ ಗಂಟೆ ಕಟ್ಟಿದ ಹೋತವೊಂದು ತಲೆ ಎತ್ತಿತು. ಹುಡುಗರು ಚಪ್ಪಾಳೆ ತಟ್ಟಿದರು. ಮಾವನೂ, "ಅರೇ, ಖರೇನ ನೋಡಾಕತ್ತೈತಲ್ಲೋ!" ಅಂದರು. ಅವರ ಬಾಯಿಂದ ಶಾಭಾಸ್‌ಗಿರಿ ಸಿಗುವುದೇ ಅಪರೂಪ. ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಇನ್ನೂ ಜೋರಾಗಿ ಕೂಗಿದೆ. ಹೋತ ಇಳಿಯಿತು. ಅದರ ಹಿಂದೆ ಇಡೀ ಹಿಂಡು.

ಅವ್ವ ಮೊದಲು ನಕ್ಕಳು. ಆಮೇಲೆ ಕೈಯಲ್ಲಿದ್ದ ಹಣ್ಣು ಬಿಟ್ಟಳು.

"ಏ ಹುಚ್ಚಪ್ಯಾಲಿ, ಬಾಯಿ ಮುಚ್ಚೋ! ಜ್ವಾಳದಾಗ ಹೊಂಟಾವ!"

ಕೆಳಗಿನ ಹೊಲ ಮುಂಗಾರಿ ಜೋಳ ಕೊಯ್ದದ್ದು. ಆಮೇಲೆ ಬಿದ್ದ ಮಳೆಗೆ ಕೂಳೆಯೆಲ್ಲ ಮತ್ತೆ ಚಿಗುರಿತ್ತು. ಆ ಎಳೆ ಚಿಗುರು ಕುರಿಗೆ ವಿಷ. ನಮ್ಮ ಕಡೆ ಕುರಿ ಮನೆಯ ಕೂಸಿಗೂ ತಿಳಿದ ಮಾತು. ಮುದುಕ ಅಷ್ಟು ಜತನದಿಂದ ಹಿಂಡನ್ನು ಬೋಳು ದಿನ್ನೆಯ ಮೇಲೆ ನಿಲ್ಲಿಸಿದ್ದೇ ಅದಕ್ಕೆ. ಹಸುರಿನ ಮುಂದೆ ನಿಂತು ಅದೇ ದನಿಯಲ್ಲಿ ಕರೆದವನು ನಾನು.

ಅವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಚಪ್ಪಲಿ ಅಲ್ಲೇ ಉಳಿದವು. ಚೂಪಾದ ಕೂಳೆಯ ಮೇಲೆ ಬರಿಗಾಲಲ್ಲಿ ಆಕೆ ಹೋಗುವುದನ್ನು ನೋಡುತ್ತ ಒಂದು ಗಳಿಗೆ ನಾನು ಗೂಟದಂತೆ ನಿಂತಿದ್ದೆ. ಮುಂದಿನ ಕುರಿಗಳು ಹೊಲ ದಾಟಿ ನನ್ನ ಕಾಲ ಹತ್ತಿರ ಬಂದವು. ಉಳಿದವು ನಡುವೆ ನಿಂತು ತಲೆ ಬಗ್ಗಿಸಿದವು.

ದಿನ್ನೆಯ ಮೇಲಿನಿಂದ ಮುದುಕ ಕೊಡ ಒಗೆದು ಓಡಿಬಂದ. ದಿನ್ನೆಯಾಚೆ ಎಳೆ ಮರಿಗಳನ್ನು ಕಾಯುತ್ತಿದ್ದ ಅವನ ಹೆಂಡತಿಯೂ ಅವನ್ನು ಬಿಟ್ಟು ಬಂದಳು. ಅವನು ಆ ಕಡೆಯಿಂದ ಕೂಗಿದ. ಕುರಿಗಳು ಅವನ ಕಡೆ ನೋಡಿದವು, ನನ್ನ ಕಡೆ ನೋಡಿದವು, ಇದ್ದಲ್ಲೇ ತಿನ್ನತೊಡಗಿದವು.

"ಯಾರು ಕರದವ್ರು?" ಎಂದ.

"ನಮ್ಮ ಮಾಮಾ ಕರದಾನ!" ಎಂದಳು ಅಕ್ಕನ ಮಗಳು, ದೊಡ್ಡ ಹೆಮ್ಮೆಯಿಂದ.

"ಹಂಗಿದ್ರ ಮತ್ತ ಕರಿಯೋ ತಮ್ಮಾ! ಅರ್ಧ ನಿನ್ನ ಕಡಿ ಬಂದಾವ. ಉಳದವನ್ನೂ ಕರಕೋ, ಜಲ್ದಿ! ತಿನ್ನಾಕತ್ಯಾವ!"

ಬಾಯಿ ತೆರೆದೆ. ಕೆಮ್ಮು ಬಂತು. ಮತ್ತೊಮ್ಮೆ ತೆರೆದೆ. ನಾಲಿಗೆ ಅದುರಲಿಲ್ಲ, ಬಂದದ್ದು ಮದುವೆ ಮನೆಯಲ್ಲಿ ಹುಡುಗರನ್ನು ನಗಿಸುವ ಒಂದು ಸೊಟ್ಟ ದನಿ. ಕುರಿಗಳು ಬೆದರಿ ಹೊಲದ ಇನ್ನೂ ಒಳಕ್ಕೆ ಸರಿದವು. ಜನ್ಮದಲ್ಲಿ ಯಾರ ದನಿಯೂ ನನಗೆ ಕೈ ಕೊಟ್ಟಿರಲಿಲ್ಲ.

ಕೊನೆಗೆ ಎಲ್ಲರೂ ಹೊಲಕ್ಕಿಳಿದು ಕೈಯಿಂದಲೇ ಅಟ್ಟಿದೆವು. ಮಾವ ಟವೆಲ್ ಬೀಸಿದರು. ಅಕ್ಕ ಚೀರಿದಳು. ಒಂದೊಂದನ್ನೇ ಕಿವಿ ಹಿಡಿದು ಎಳೆದು ದಾರಿಗೆ ತಂದೆವು. ಮುದುಕನ ಹೆಂಡತಿ ವಿಷಕ್ಕೆ ಮದ್ದೆಂದು ಚೀಲದಿಂದ ಬೆಲ್ಲ ತೆಗೆದು ನಮ್ಮ ಕುಡಿಯುವ ನೀರಲ್ಲಿ ಕದಡಿದಳು. ಹೊಟ್ಟೆ ಉಬ್ಬಿದವನ್ನು ಆರಿಸಿ ಅವ್ವ ತಲೆ ಎತ್ತಿ ಹಿಡಿದಳು, ಮುದುಕಿ ಗಂಟಲಿಗೆ ಹೊಯ್ದಳು. ನಾನು ಬಾಟಲಿ ಹಿಡಿದುಕೊಂಡು ಅವರ ಹಿಂದೆ ಹಿಂದೆ ತಿರುಗಿದೆ.

ಹೆಚ್ಚಿನವು ತಡೆದುಕೊಂಡವು. ಒಂದು ತಾಯಿ ಕುರಿ ಮಾತ್ರ ಮೊಣಕಾಲೂರಿ ಕುಸಿಯಿತು. ಬಾಯಲ್ಲಿ ನೊರೆ. ಮುದುಕ ಅದರ ಹೊಟ್ಟೆ ತಿಕ್ಕುತ್ತ, "ಏಳ, ನಮ್ಮವ್ವಾ, ಏಳ," ಅನ್ನುತ್ತಿದ್ದ. ಅದು ಏಳಲಿಲ್ಲ. ಎಳೆ ಮರಿಯೊಂದು ಬಂದು, ಸತ್ತದ್ದರ ಕೆಚ್ಚಲಿಗೆ ಮೂತಿ ಹಾಕಿತು. ಅಕ್ಕ ಮಕ್ಕಳ ಮುಖವನ್ನು ತನ್ನ ಸೀರೆಗೆ ಒತ್ತಿಕೊಂಡಳು.

"ಕಾಕಾ, ನಂದು ತಪ್ಪಾತರೀ," ಎಂದೆ.

"ಇರ್ಲಿ ತಮ್ಮಾ. ಪ್ಯಾಟಿ ಮಂದಿ ಮಜಾ ಮಾಡಾಕ ಬಂದಿರ್ತೀರಿ. ನಿಮಗೇನ ತಿಳೀತೈತಿ," ಎಂದ. ಎರಡು ಬಾರಿಸಿದ್ದರೆ ಚಲೋ ಇತ್ತು. ಆಮೇಲೆ ಅವ್ವನ ಕಡೆ ತಿರುಗಿದ. "ನಿನ್ನ ಕೈ ನೋಡಿದೆ, ತಂಗಿ. ಕುರಿ ಹಿಡದ ಕೈ. ಯಾ ಊರು ತೌರುಮನಿ?"

ಅವ್ವ ಊರು ಹೇಳಿದಳು.

"ಕುರಿ ಮನಿತನನ?"

"ಹೌದ್ರಿ ಯಣ್ಣಾ."

ಪಕ್ಕದಲ್ಲಿದ್ದ ನನಗೇ ಕೇಳಿಸದಷ್ಟು ಸಣ್ಣ ದನಿ. ಅಡವಿಗೆಲ್ಲ ಕೇಳುವಂತೆ ಮಾತಾಡುವವಳು, ತಲೆ ಬಗ್ಗಿಸಿ, ಕಾಲಿನ ರಕ್ತ ಕಾಣದಂತೆ ಸೀರೆಯ ಅಂಚು ಎಳೆದುಕೊಂಡು, ಹಾಗೆ ಅಂದಳು. ಆ ಮುದುಕ ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ. ಪೇಟೆಯವನು, ತಿಳಿಯದವನು ಎಂಬ ಮಾಫಿಯೂ ಆಗಲೇ ನನ್ನ ಕೈಬಿಟ್ಟಿತು.

ಹಿಂಡನ್ನು ಅಲ್ಲಿಂದ ದೂರ ಒಯ್ಯಬೇಕಿತ್ತು. ಮುದುಕ ಮರಿಯನ್ನು ಕಂಬಳಿಯಲ್ಲಿ ಹಾಕಿಕೊಂಡು ದಿನ್ನೆಯ ಕಡೆ ಹೋಗಿ ನಿಂತು ಕೂಗಿದ. ಹೋತ ಹೊರಳಿ ನನ್ನ ಕಡೆ ನೋಡಿತು. ಮತ್ತೆ ಕೂಗಿದ. ಹಿಂಡು ಅಲುಗಲಿಲ್ಲ. ಒಂದೆರಡು ಕುರಿ ನನ್ನತ್ತ ಹೆಜ್ಜೆ ಇಟ್ಟವು.

"ನಮ್ಮಪ್ಪ ಕಲಿಸಿದ ಕೂಗು," ಎಂದು ಅವನು ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು. "ಇನ್ನ ಇದನ್ನ ನಂಬತಾವೋ ಇಲ್ಲೋ."

ಆಕೆ ಕೋಲು ಎತ್ತಿದಳು. "ಬ್ಯಾಡ, ಹೊಡೀಬ್ಯಾಡ," ಎಂದು ಅವನೇ ತಡೆದ. "ಹೊಡದು ಒಯ್ದ್ರ ನಾಳಿಗೂ ಹೊಡೀಬೇಕಾಕ್ಕೈತಿ. ತಾವಾಗೇ ಬರ್ಲಿ."

ಅವ್ವ ನನ್ನ ಹತ್ತಿರ ಬಂದಳು. ಬೈಯುವಳೇನೋ ಎಂದು ಕಾದೆ. "ನೀ ಅವಕ್ಕ ಕಾಣಲಾರದಂಗ ಹೋಗಿ ಕುಂದ್ರಪಾ," ಎಂದಳು ಅಷ್ಟೇ. "ನೀ ಇಲ್ಲಿ ನಿಂತ್ರ ಅವು ಹೋಗಂಗಿಲ್ಲ."

ದಾರಿಯ ಮೇಲುಗಡೆ ಒಂದು ದೊಡ್ಡ ಬಂಡೆಯಿತ್ತು. ಅದರ ಹಿಂದೆ ಹೋಗಿ ಮೊಣಕಾಲು ಮಡಚಿ ಕುಳಿತೆ. ಉಸಿರಿನ ಸದ್ದಾದರೂ ಹೊರಗೆ ಹೋದೀತೆಂದು ಬಾಯಿಗೆ ಕೈ ಅಡ್ಡ ಹಿಡಿದೆ. ಮುದುಕ ಕೂಗಿದ. ಗಂಟೆ ಸದ್ದಿಲ್ಲ. ಮತ್ತೆ ಕೂಗಿದ. ದನಿ ನಡುವೆ ಒಡೆಯಿತು. ತಡೆದು, ಗಂಟಲು ಸರಿ ಮಾಡಿಕೊಂಡು, ಮೊದಲಿನಿಂದ ಕೂಗಿದ. ಎಷ್ಟೋ ಹೊತ್ತಿನ ಮೇಲೆ ಗಂಟೆ ಒಮ್ಮೆ ಕಣಗುಟ್ಟಿ ನಿಂತಿತು. ಇನ್ನೊಮ್ಮೆ ಕಣಗುಟ್ಟಿತು. ಆಮೇಲೆ ನಿಂತು ನಿಂತು, ಅನುಮಾನಿಸುತ್ತ, ದಿನ್ನೆಯ ಕಡೆಗೆ ಹೋಗತೊಡಗಿತು.

ಅದು ಪೂರ್ತಿ ಕೇಳದಂತಾದ ಮೇಲೂ ನಾನು ಎದ್ದಿರಲಿಲ್ಲ. ಹಿಂಡು ಮತ್ತೆಲ್ಲಿ ಹೊರಳೀತೋ ಎಂದು ಅವ್ವ ನನ್ನನ್ನು ಕೂಗಿ ಕರೆಯಲಿಲ್ಲ. ಕುಂಟುತ್ತ ಏರಿ ಬಂದು, ಭುಜ ಮುಟ್ಟಿ, ಕೈಯಿಂದ ದಾರಿ ತೋರಿಸಿದಳು.