ಚಿಪ್ಪಿನೊಳಗಿನ ಮರಳು

ಕೆಂಟನ್ ಊರಿನಲ್ಲಿ ನನ್ನ ಅಕ್ಕನ ಮನೆ. ಊಟದ ಮೇಜಿನ ಮೇಲೆ ಅಕ್ಕನ ಮಗಳು ವಿದ್ಯಾ ಬಸವನಹುಳುವಿನ ಖಾಲಿ ಚಿಪ್ಪೊಂದನ್ನು ಇಟ್ಟುಕೊಂಡು ಕೂತಿದ್ದಳು. ನಡುಸಮುದ್ರದ ದ್ವೀಪವೊಂದರ ಬೆಟ್ಟದ ತುದಿಯಲ್ಲಿ ಸಿಕ್ಕಿದ್ದಂತೆ. ಇದು ಇನ್ನೂ ಯಾರೂ ಹೆಸರಿಡದ ಜಾತಿ ಎಂದು ಅವಳು ಬರೆದ ಲೇಖನ ನಾಳೆ ವಿಜ್ಞಾನ ಪತ್ರಿಕೆಗೆ ಹೋಗಬೇಕು.

"ಯಾರು ಹೆಕ್ಕಿದ್ದು?"

"ದೋಣಿಯಲ್ಲಿ ಸುತ್ತುವವರೊಬ್ಬರು ಮಾವ. ಫ್ರೀಯಾಗಿ ಕೊಟ್ರು."

ಬಿಟ್ಟಿ ಎಂದೊಡನೆ ನನಗೆ ಅನುಮಾನ ಬಂತು. ಶುಂಠಿ ವ್ಯಾಪಾರದಲ್ಲಿ ಮಾರುವವನು ಯಾವ ಊರಿನ ಹೆಸರು ಹೇಳಿದರೂ ನಾನು ನೋಡುವುದು ಗೆಡ್ಡೆಗೆ ಅಂಟಿದ ಮಣ್ಣನ್ನು. ನೀವೂ ಹಾಗೇ ಮಾಡಿ.

"ಆ ಬೆಟ್ಟದ ಮಣ್ಣು ಯಾವ ಬಣ್ಣ?"

"ಕಪ್ಪು, ಜ್ವಾಲಾಮುಖಿ ಅಲ್ವಾ? ಎಂಥ ಮಾವ, ನಿಮಗೆ ಬಸವನಹುಳುವೂ ಶುಂಠಿಯಾ?"

ಹಲ್ಲುಕಡ್ಡಿಯಿಂದ ಚಿಪ್ಪಿನ ಬಾಯೊಳಗೆ ಕೆದಕಿದೆ.

"ಮೆಲ್ಲಗೆ! ಇರೋದು ಅದೊಂದೇ!"

ತಟ್ಟೆಗೆ ಉದುರಿದ್ದು ಕಡಲತೀರದ ಬಿಳಿ ಮರಳು.

ವಿದ್ಯಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. "ಜಾಗ ಸುಳ್ಳಾದ್ರೆ ಲೇಖನವೂ ಸುಳ್ಳಾಗ್ತದೆ," ಎನ್ನುತ್ತ ಆ ಮನುಷ್ಯನಿಗೆ ಫೋನ್ ಹಚ್ಚಿದಳು. ಅತ್ತ ರಿಂಗಾಗುತ್ತಿತ್ತು.

"ಮರಳಿನ ವಿಷಯ ನೀನಾಗಿ ಎತ್ತಬೇಡ," ಎಂದೆ. "ಎಲ್ಲಿ ಹೆಕ್ಕಿದ್ದು ಅಂತ ಮೊದಲು ಅವನೇ ಹೇಳಲಿ."